ಬಿಲ್ ಬಾಕಿ ಇರುವ ಮನೆಗೆ ಪ್ಲಗ್ ಮೀಟರ್ ಕೊಳ್ಳಬೇಕೇ?

ಗೋಡೆಯ ಸಾಕೆಟ್‌ಗೆ ಇದನ್ನು ಚುಚ್ಚಿ, ಇದರ ಮೈಮೇಲಿನ ಸಾಕೆಟ್‌ಗೆ ಫ್ರಿಜ್ಜಿನ ಪ್ಲಗ್ ಹಾಕಿದರೆ ಫ್ರಿಜ್ಜು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಪುಟ್ಟ ಪರದೆಯಲ್ಲಿ ಕಾಣುತ್ತದೆ. ಪ್ಲಗ್ ಮೀಟರ್, ಪವರ್ ಮೀಟರ್, ಎನರ್ಜಿ ಮಾನಿಟರ್ ಎಂದು ಹೆಸರು ಹಲವು, ಕೆಲಸ ಒಂದೇ. ಇದು ಬರೀ ತಕ್ಕಡಿ. ತೂಕ ತೋರಿಸುತ್ತದೆ, ಇಳಿಸುವುದಿಲ್ಲ. ಇದರ ಪಕ್ಕದಲ್ಲೇ ‘ಬಿಲ್ ಅರ್ಧ ಮಾಡುತ್ತೆ’ ಎಂದು ಮಾರುವ ಪವರ್ ಸೇವರ್ ಡಬ್ಬಿಯನ್ನಂತೂ ಮುಟ್ಟಬೇಡಿ. ಅದರೊಳಗೆ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಮತ್ತು ಮಿನುಗುವ ದೀಪ, ಅಷ್ಟೆ. ಯೂನಿಟ್ ಲೆಕ್ಕದ ಮನೆ ಬಿಲ್ಲಿಗೆ ಅದರಿಂದ ಏನೂ ಆಗದು.

ಬಾಕಿ ಬೆಳೆದಿರುವ ಮನೆಗೆ ಪ್ಲಗ್ ಮೀಟರ್ ಬೇಕಾಗುವುದು ಬಾಕಿ ತೀರಿಸಲು ತಿಂಗಳಿಗೆ ಎಷ್ಟು ಕಂತು ಒಪ್ಪಿಕೊಳ್ಳಬಹುದು ಎಂದು ತಿಳಿಯಲು. ವಿದ್ಯುತ್ ಕಚೇರಿಯಲ್ಲಿ ಹೆದರಿ ದೊಡ್ಡ ಮೊತ್ತಕ್ಕೆ ತಲೆಯಾಡಿಸಿ ಬಂದವರಿಗೆ ಎರಡನೇ ತಿಂಗಳು ಹೊಸ ಬಿಲ್ಲೂ ಕಂತೂ ಒಟ್ಟಿಗೆ ಎದುರಾಗುತ್ತವೆ, ಒಪ್ಪಂದ ಮುರಿಯುತ್ತದೆ. ಸಂಪರ್ಕ ಕಡಿತದ ನೋಟಿಸ್ ಬಂದಿದ್ದರೆ ಮಾತ್ರ ಅಳತೆಗೆ ಕಾಯಬೇಡಿ, ಮೊದಲು ಕಚೇರಿಗೆ ಹೋಗಿ ಗಡುವು ಕೇಳಿ. ಬಿಲ್ಲಿನ ರೀಡಿಂಗ್ ನಿಜವಾಗಿ ಓದಿದ್ದೋ ಅಂದಾಜಿನದೋ ಎಂದೂ ನೋಡಿ. ಅಂದಾಜಾಗಿದ್ದರೆ ದಿನಾಂಕದೊಂದಿಗೆ ಮನೆ ಮೀಟರಿನ ಫೋಟೋ ತೆಗೆದು ಕೊಟ್ಟು ಸರಿಪಡಿಸಿಕೊಳ್ಳಿ.

ಕೊಳ್ಳುವಾಗ ಮೊದಲು ಆಂಪಿಯರ್ ನೋಡಿ. 230 ವೋಲ್ಟ್‌ನಲ್ಲಿ 10 ಆಂಪಿಯರಿನದು 2300 ವ್ಯಾಟ್ ತನಕ, 16ರದು 3680 ವ್ಯಾಟ್ ತನಕ ತಡೆಯಬೇಕು. 2000 ವ್ಯಾಟಿನ ಹೀಟರನ್ನು 10 ಆಂಪಿಯರಿನ ಅಗ್ಗದ ಮೀಟರಿನಲ್ಲಿ ಹೊತ್ತುಗಟ್ಟಲೆ ಓಡಿಸಿದರೆ ಪಿನ್ನುಗಳು ಕಾಯುತ್ತವೆ. ಸುಟ್ಟ ವಾಸನೆ ಬಂದರೆ ಸ್ವಿಚ್ ಆರಿಸಿಯೇ ಕೀಳಿ. ಇನ್ನೊಂದು, ಕರೆಂಟು ಹೋದರೂ ಯೂನಿಟ್ ಲೆಕ್ಕ ಉಳಿಯಬೇಕು. ಉಳಿಯದಿದ್ದರೆ ಎರಡು ದಿನದ ಅಳತೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಫ್ರಿಜ್ಜಿನಿಂದ ಶುರುಮಾಡಿ. ಕಂಪ್ರೆಸರ್ ಓಡುವಾಗ ನೂರರ ಆಸುಪಾಸು ವ್ಯಾಟ್ ತೋರಿಸಿ, ನಿಂತಾಗ ಒಂದೆರಡಕ್ಕೆ ಇಳಿಯುತ್ತದೆ, ಹಾಗಾಗಿ ಒಮ್ಮೆ ನೋಡಿ ಬರೆದುಕೊಂಡ ಅಂಕಿ ಸುಳ್ಳು. ಕನಿಷ್ಠ 24 ಗಂಟೆ, ಸಾಧ್ಯವಾದರೆ ಮೂರು ದಿನ ಬಿಡಿ. ಮೂರು ದಿನಕ್ಕೆ 4.5 ಯೂನಿಟ್ ಆದರೆ ತಿಂಗಳಿಗೆ 45. ಈಗ ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ತಂಪು ಸೋರುತ್ತಿದೆ. ರಬ್ಬರನ್ನು ಸೋಪುನೀರಿನಲ್ಲಿ ಒರೆಸಿ, ಫ್ರೀಜರಿನಲ್ಲಿ ಕಟ್ಟಿದ ಮಂಜು ಕರಗಿಸಿ, ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ಮತ್ತೆ ಮೂರು ದಿನ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ನಿಮ್ಮ ಉಳಿತಾಯ.

ರಿಮೋಟಿನಲ್ಲಿ ಆರಿಸಿಟ್ಟ ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೆ ದಿನವಿಡೀ ಹಾಗೇ ಬಿಟ್ಟಾಗ ತಿಂಗಳಿಗೆ 7.2 ಯೂನಿಟ್. ಫೋನ್ ಸಿಕ್ಕಿಸದೆ ಸುಮ್ಮನೆ ಬಿಟ್ಟ ಮೊಬೈಲ್ ಚಾರ್ಜರ್ ಮಾತ್ರ ಸಾಮಾನ್ಯವಾಗಿ ಸೊನ್ನೆ ತೋರಿಸುತ್ತದೆ. ಕಾಲು ವ್ಯಾಟಿನಷ್ಟು ಸಣ್ಣದನ್ನು ಈ ಮೀಟರುಗಳು ಹಿಡಿಯವು, ಹಿಡಿದರೂ ವರ್ಷಕ್ಕೆ ಎರಡು ಯೂನಿಟ್ಟಿನ ಮಾತು. ಚಾರ್ಜರ್ ಕೀಳಿ ಎಂಬ ಉಪದೇಶ ಎಲ್ಲಿಂದ ಬಂತೋ!

ದೊಡ್ಡ ಕೊರತೆಯೆಂದರೆ, ನೇರ ವೈರಿಂಗ್ ಆದ ಗೀಸರನ್ನು ಇದು ಅಳೆಯಲಾರದು. ಅಲ್ಲಿ ಮನೆ ಮೀಟರಿನ ಮಿಣುಕುದೀಪವೇ ಗತಿ. ಅದರ ಪಕ್ಕದಲ್ಲಿ 3200 ಇಂಪಲ್ಸ್ ಎಂದಿದ್ದರೆ 3200 ಮಿಣುಕಿಗೆ ಒಂದು ಯೂನಿಟ್. ಗೀಸರ್ ಬಿಟ್ಟು ಎಲ್ಲ ಆರಿಸಿ, ಒಂದು ನಿಮಿಷ ಎಣಿಸಿ, ಸಿಕ್ಕಿದ್ದನ್ನು 18.75ರಿಂದ ಗುಣಿಸಿದರೆ ವ್ಯಾಟ್. 107 ಮಿಣುಕು ಬಂದರೆ ಸುಮಾರು 2000. ನೀರಿನ ಲೆಕ್ಕ ಕಾಗದದ ಮೇಲೂ ಆಗುತ್ತದೆ: 15 ಲೀಟರನ್ನು 30 ಡಿಗ್ರಿ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬೇಕು.

ಪರದೆ ತೋರಿಸುವ ಹಣದ ಅಂಕಿ ಮರೆತುಬಿಡಿ. ಅದಕ್ಕೆ ಸಾಮಾನ್ಯವಾಗಿ ಒಂದೇ ದರ ಗೊತ್ತು. ಬಳಕೆ ಹೆಚ್ಚಿದಂತೆ ದರ ಏರುವ ಸ್ಲ್ಯಾಬ್ ಇರುವ ಕಡೆ ಉಳಿತಾಯ ಮೇಲಿನ ಸ್ಲ್ಯಾಬಿನಿಂದ ಕಳೆಯುತ್ತದೆ, ಆ ದರದಿಂದಲೇ ಗುಣಿಸಿ. ಉಳಿದದ್ದೆಲ್ಲ ಕಂತಿಗೆ ಎನ್ನಬೇಡಿ. 30 ಯೂನಿಟ್ ಉಳಿಸಿದಿರಿ, ಆದರೆ ಇಷ್ಟು ದಿನ ಪ್ರತಿ ತಿಂಗಳೂ 12 ಯೂನಿಟ್ಟಿನಷ್ಟು ಹಣ ಸಾಲದೆ ಬಾಕಿ ಬೀಳುತ್ತಿತ್ತು ಎಂದುಕೊಳ್ಳಿ. ಆ 12 ಮೊದಲು ಕಳೆಯಬೇಕು. ಕಂತಿಗೆ ಉಳಿಯುವುದು 18 ಯೂನಿಟ್ಟಿನ ಹಣ. ಅದಕ್ಕಿಂತ ಹೆಚ್ಚು ಕಟ್ಟುತ್ತೇನೆಂದು ಹೇಳುವುದಾದರೆ ಆ ದುಡ್ಡು ಬೇರೆ ಕಡೆಯಿಂದ ಬರಬೇಕು.

ಒಳ್ಳೆಯ ಉಪಕರಣವೇ, ಆದರೆ ಎರಡು ವಾರದ ಕೆಲಸ ಮುಗಿದ ಮೇಲೆ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಬಾಕಿಯವರು ಹೊಸದು ಕೊಳ್ಳುವ ಮೊದಲು ಯಾರ ಬಳಿಯಾದರೂ ಇದೆಯೇ ಎಂದು ಕೇಳಲಿ, ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದು ತರಲಿ. ಕೈ ಬದಲಾದಾಗ ರೀಸೆಟ್ ಗುಂಡಿ ಒತ್ತುವುದನ್ನು ಮರೆಯಬೇಡಿ, ಪಕ್ಕದ ಮನೆಯ ಫ್ರಿಜ್ಜು ತಿಂದ ಯೂನಿಟ್ಟೂ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ.