ಬಿಡಿಭಾಗ ಕೈಗೆ ಬರುವ ಮೊದಲು ಎಂಜಿನ್ ಬಿಚ್ಚಿಸಬೇಡಿ

ಗೋವಾ, ಕಾರವಾರ ಕಡೆಯಿಂದ ಸಣ್ಣ ಹಾಯಿದೋಣಿಯಲ್ಲಿ ಕರಾವಳಿಗುಂಟ ಕೊಚ್ಚಿಗೆ ಹೋಗುವ ಯೋಚನೆ ಇರುವವರು ಇದನ್ನು ಓದಿಕೊಂಡೇ ಹೊರಡಿ. ಮಂಗಳೂರಿನ ಆಸುಪಾಸಿನಲ್ಲಿ ಎಂಜಿನ್ ಕೈಕೊಟ್ಟರೆ, ಬೇಕಾದ ಬಿಡಿಭಾಗ ನಿಮ್ಮ ಕೈಗೆ ಬರುವ ತನಕ ಒಂದು ಬೋಲ್ಟನ್ನೂ ಯಾರಿಂದಲೂ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ದೋಣಿ ನಿಮ್ಮದಾದರೂ ಮಾತು ಮೆಕ್ಯಾನಿಕ್‌ನದು.

ದೋಣಿ ನನ್ನ ಭಾವನದು. ಮೂವತ್ತು ಅಡಿ ಉದ್ದ, ಮೂರು ಸಿಲಿಂಡರಿನ ವಿದೇಶಿ ಡೀಸೆಲ್ ಎಂಜಿನ್. ಏಪ್ರಿಲ್ ತಿಂಗಳು. ಸುರತ್ಕಲ್ ದೀಪಸ್ತಂಭ ಎಡಗಡೆ ಕಾಣುತ್ತಿದ್ದಾಗ ಹೊಗೆ ಕೊಳವೆಯಿಂದ ಬೀಳುತ್ತಿದ್ದ ನೀರು ನಿಂತಿತು, ಉಷ್ಣತೆಯ ಮುಳ್ಳು ಕೆಂಪಿಗೆ ಏರಿತು. ಸಮುದ್ರದ ನೀರನ್ನು ಎಳೆದು ಎಂಜಿನ್ ತಣಿಸುವ ಪಂಪ್ ಕೆಟ್ಟಿತ್ತು. ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಮಾತ್ರವಾಗಿದ್ದರೆ ಅರ್ಧ ಗಂಟೆಯ ಕೆಲಸ, ಬದಲಿ ನಮ್ಮಲ್ಲೇ ಇತ್ತು. ಆದರೆ ಪಂಪಿನ ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಸೀಲ್ ಕೂಡ ಹೋಗಿತ್ತು.

ಪಣಂಬೂರಿನ ನವಮಂಗಳೂರು ಬಂದರು ದೊಡ್ಡ ಹಡಗುಗಳ ಜಾಗ. ನಮ್ಮಂಥವರಿಗೆ ಉಳಿದದ್ದು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆ ದಾಟಿ ಸೇರುವ ಹಳೆ ಬಂದರು. ಅಳಿವೆಯ ಮರಳು ದಿಬ್ಬ ಮಳೆಗಾಲ ಕಳೆದಾಗಲೆಲ್ಲ ಜಾಗ ಬದಲಿಸುತ್ತದೆ. ಹಳೆಯ ನಕ್ಷೆಯನ್ನು ನಂಬಿ ನುಗ್ಗುವಂತಿಲ್ಲ. ಹೊರಗೆ ಲಂಗರು ಹಾಕಿ ಉಬ್ಬರಕ್ಕೆ ಕಾದೆವು. ಮೀನುಗಾರಿಕೆಯ ಟ್ರಾಲ್ ಬೋಟಿನ ತಾಂಡೇಲರೊಬ್ಬರು (ಬೋಟು ನಡೆಸುವ ಮುಖ್ಯಸ್ಥರು) ತಾವಾಗಿಯೇ ಹತ್ತಿರ ಬಂದು ಹಗ್ಗ ಎಸೆದು, ಬೋಟುಗಳನ್ನು ಕಟ್ಟುವ ದಕ್ಕೆಗೆ ಎಳೆದುಕೊಂಡು ಹೋದರು. ಹಣ ಕೊಡಹೋದರೆ ಕೈ ಅಡ್ಡ ಹಿಡಿದರು. ಮುಂದೆ ನಾನು ಬರೆಯುವುದನ್ನು ಓದಿ ದಕ್ಕೆಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇಲ್ಲಿ ಮರೀನಾ ಎಂಬುದು ಇಲ್ಲ. ನೀರು, ವಿದ್ಯುತ್ ಇರುವ ತೇಲುವ ಕಟ್ಟೆಯನ್ನು ಕಲ್ಪಿಸಿಕೊಂಡು ಬರಬೇಡಿ. ಬೋಟಿಗೆ ಬೋಟು ಕಟ್ಟಿ ಸಾಲು ನಿಲ್ಲಿಸುತ್ತಾರೆ, ಹೊಸಬರ ಜಾಗ ಸಾಲಿನ ಹೊರತುದಿ. ಕುಡಿಯುವ ನೀರಿನ ಕ್ಯಾನ್ ಹೊತ್ತು ದಡದಿಂದ ಬರಬೇಕಾದರೆ ಬಲೆಯ ರಾಶಿ, ಮಂಜುಗಡ್ಡೆಯ ಚೂರು, ಮೀನಿನ ಲೋಳೆ ಮೆಟ್ಟಿಕೊಂಡು ಬೇರೆಯವರ ಡೆಕ್‌ಗಳನ್ನು ದಾಟಬೇಕು. ಒಳಗಿನ ಬೋಟು ಬೆಳಗಿನ ಜಾವ ಹೊರಡುವುದಿದ್ದರೆ ನಾವೆಲ್ಲ ಎದ್ದು ಹಗ್ಗ ಬಿಚ್ಚಿ, ಅದು ಹೋದ ಮೇಲೆ ಕತ್ತಲಲ್ಲೇ ಮತ್ತೆ ಕಟ್ಟಬೇಕು. ಉಕ್ಕಿನ ಬೋಟುಗಳ ನಡುವೆ ಫೈಬರ್ ದೋಣಿಯ ಗತಿ ಏನಾಗಬೇಡ? ಹಳೆಯ ಟೈರುಗಳನ್ನು ಎಷ್ಟು ಸಿಕ್ಕಿದರೂ ಪಕ್ಕಕ್ಕೆ ಇಳಿಬಿಡಿ. ಇದನ್ನು ದೂರಾಗಿ ಹೇಳುತ್ತಿಲ್ಲ. ಅದು ಮೀನುಗಾರರ ದುಡಿಮೆಯ ಜಾಗ, ನಾವು ಅಲ್ಲಿ ಅತಿಥಿಗಳು.

ದೂರು ಇರುವುದು ಮೆಕ್ಯಾನಿಕ್ ಮೇಲೆ. ಬಂದ ದಿನವೇ ಮುಂಗಡ ಪಡೆದು ಪಂಪ್ ಬಿಚ್ಚಿದ. ಹೇಗೂ ಬಿಚ್ಚಿದ್ದೇವಲ್ಲ ಎಂದು ಕೇಳದೆಯೇ, ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರನ್ನೂ ಸ್ಟಾರ್ಟರ್ ಮೋಟಾರನ್ನೂ ‘ಸರ್ವಿಸ್’ಗೆಂದು ಒಯ್ದ. ಅಲ್ಲಿಂದ ಶುರುವಾಯಿತು ನೋಡಿ: "ನಾಳೆ ಖಂಡಿತ ಆಗುತ್ತದೆ ಮಾರಾಯರೇ." ಒಂದು ದಿನ ಲೇತ್‌ನವನ ಮನೆಯಲ್ಲಿ ದೈವದ ನೇಮ, ಇನ್ನೊಂದು ದಿನ ಊರಿನ ದೇವಸ್ಥಾನದ ಬ್ರಹ್ಮಕಲಶ, ಮತ್ತೊಂದು ದಿನ ಯಾರದೋ ಮದುವೆಯ ಮೆಹಂದಿ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಇವೆಲ್ಲ ನಿಜವಾಗಿಯೂ ನಡೆಯುತ್ತವೆಯಾದ್ದರಿಂದ ಸುಳ್ಳು ಎನ್ನುವಂತೆಯೂ ಇಲ್ಲ! ನಿಜವಾದ ಕಾರಣ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದಕ್ಕೆ ಮೊದಲು ಸಾಧ್ಯವಾದಷ್ಟು ಸಲ ಕಡಲಿಗೆ ಹೋಗಿಬರಲು ಎಲ್ಲ ಬೋಟುಗಳಿಗೂ ಅವಸರ, ರಿಪೇರಿಯವರಿಗೆಲ್ಲ ಅಲ್ಲೇ ಕೆಲಸ. ವರ್ಷವಿಡೀ ಕೆಲಸ ಕೊಡುವ ಟ್ರಾಲ್ ಬೋಟಿನ ಮುಂದೆ ಒಮ್ಮೆ ಬಂದು ಹೋಗುವ ಮೋಜಿನ ದೋಣಿಗೆ ಯಾರು ಸರದಿ ಕೊಡುತ್ತಾರೆ? ಅದೂ ನ್ಯಾಯವೇ. "ಈಗ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ" ಎಂದು ಮೊದಲ ದಿನವೇ ಹೇಳಿದ್ದರೆ ನನಗೆ ಈ ಬರಹದ ಕೆಲಸವೇ ಇರುತ್ತಿರಲಿಲ್ಲ.

ಕೊನೆಗೆ ಪಂಪ್ ಬಂತು. ಕೊಚ್ಚಿಯಿಂದ ತರಿಸಿದ ಅಸಲಿ ಸೀಲ್ ಎಂದು ಬೆಲೆ ಹೇಳಿದ. ಬಿಲ್ ಇಲ್ಲ, ಡಬ್ಬಿಯೂ ಇಲ್ಲ. ಜೋಡಿಸಿ ಚಾಲೂ ಮಾಡಿದರೆ ನೀರು ಚೆನ್ನಾಗಿಯೇ ಬಂತು. ಆತ ಉಳಿದ ಹಣ ಎಣಿಸಿಕೊಂಡು ಹೋದ. ಮರುದಿನ ಭಾವ ಆಯಿಲ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಂಥ ಪಂಪಿನ ಶಾಫ್ಟಿಗೆ ಎರಡು ಸೀಲ್ ಇರುತ್ತವೆ: ಒಂದು ಉಪ್ಪುನೀರನ್ನು ತಡೆಯಲು, ಇನ್ನೊಂದು ಎಂಜಿನ್ ಆಯಿಲನ್ನು ತಡೆಯಲು. ಎರಡರ ನಡುವೆ ಕೆಳಗಡೆ ಸಣ್ಣದೊಂದು ತೂತು ಬಿಟ್ಟಿರುತ್ತಾರೆ. ಯಾವ ಸೀಲ್ ಹೋದರೂ ಅಲ್ಲಿಂದ ಹೊರಗೆ ತೊಟ್ಟಿಕ್ಕಿ ನಮಗೆ ಗೊತ್ತಾಗಲಿ ಎಂದೇ ಅದನ್ನು ಇಟ್ಟಿರುವುದು. ಈ ಪುಣ್ಯಾತ್ಮ ಸೀಲ್ ಸರಿಯಾಗಿ ಕೂರದೆ ನೀರು ಸೋರಿದ್ದನ್ನು ಕಂಡು ಆ ತೂತಿಗೇ ಎಪಾಕ್ಸಿ ಮೆತ್ತಿ, ಮೇಲೆ ಬಣ್ಣ ಬಳಿದಿದ್ದ. ಹೊರಗೆ ದಾರಿ ಸಿಗದ ಉಪ್ಪುನೀರು ಎಂಜಿನ್ ಒಳಗೆ ಹೋಯಿತು. ಆ ಆಯಿಲಿನಲ್ಲೇ ಹೊರಟು ಕಡಲ ನಡುವೆ ಬೇರಿಂಗ್ ಸುಟ್ಟುಹೋಗಿದ್ದರೆ? ಫೋನ್ ಮಾಡಿದಾಗ ಆತನ ಉತ್ತರ: "ಎಲ್ಲರಿಗೂ ಹಾಗೆಯೇ ಮಾಡುವುದು."

ಮುಂಬಯಿಯ ಪರಿಚಿತರಿಗೆ ಎಂಜಿನ್ ಸಂಖ್ಯೆ ಕಳುಹಿಸಿ ಸೀಲ್ ಕಿಟ್ ತರಿಸಿದೆವು. ಕೊರಿಯರ್‌ನಲ್ಲಿ ವಾರದೊಳಗೇ ಬಂತು. ಹಳೆ ಬಂದರಿನ ಎದುರು ದಡದ ಬೆಂಗ್ರೆಯ ಹಿರಿಯರೊಬ್ಬರು ನಮ್ಮ ಕಣ್ಣೆದುರೇ ಜೋಡಿಸಿದರು. ಎಂಜಿನ್ ತಳದ ಆಯಿಲ್ ತೊಟ್ಟಿ (ಸಂಪ್) ಖಾಲಿ ಮಾಡಿ, ಹೊಸ ಆಯಿಲ್ ತುಂಬಿ ಓಡಿಸಿ, ಅದನ್ನೂ ತೆಗೆದು, ಬಣ್ಣ ತಿಳಿಯಾಗುವ ತನಕ ಬದಲಾಯಿಸಿದರು. ಅಷ್ಟರಲ್ಲಿ ಮೇ ನಡುಭಾಗ ಕಳೆದು ಅಳಿವೆಯಲ್ಲಿ ಅಲೆ ಎದ್ದಿತ್ತು. ಮೇ ತಿಂಗಳ ಅರಬ್ಬಿ ಸಮುದ್ರದ ಜೊತೆ ಹುಡುಗಾಟ ಬೇಡ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ಕಾಪು ಬಳಿ ಬಂಡೆಗೆ ಸಿಲುಕಿದ, ಹಡಗುಗಳನ್ನು ಎಳೆಯುವ ಟಗ್‌ನಿಂದ ಒಂಬತ್ತು ಮಂದಿಯನ್ನು ರಕ್ಷಿಸಿದ್ದು ಇಲ್ಲಿನವರಿಗೆ ನೆನಪಿದೆ. ಕೊಚ್ಚಿಯ ಆಸೆ ಬಿಟ್ಟು, ದೋಣಿಯನ್ನು ಗುರುಪುರ ನದಿಯ ಮೇಲ್ಭಾಗಕ್ಕೆ ಒಯ್ದು ಮಳೆಗಾಲಕ್ಕೆ ಚಪ್ಪರ ಕಟ್ಟಿದೆವು.

ಇನ್ನೊಂದು ಮಾತು. ಜಾಗದ ಬಾಡಿಗೆ ಎಂದು ಆಗಾಗ ಬಂದು ಕೈಚಾಚುವವರಿಗೆ ರಸೀದಿ ಇಲ್ಲದೆ ಬಿಡಿಗಾಸೂ ಕೊಡಬೇಡಿ. ಹಣ ಕಟ್ಟುವುದಿದ್ದರೆ ಬಂದರು ಕಚೇರಿಗೇ ಹೋಗಿ ಕಟ್ಟಿ.

ಹೊರಡುವ ಮೊದಲು ಇಂಪೆಲ್ಲರ್ ಜೊತೆಗೆ ಸೀಲ್, ಬೇರಿಂಗ್, ಸಾಧ್ಯವಾದರೆ ಇಡೀ ಪಂಪನ್ನೇ ಬದಲಿಯಾಗಿ ಇಟ್ಟುಕೊಳ್ಳಿ. ಬಿಚ್ಚಿದ ಪ್ರತಿ ಭಾಗದ ಚಿತ್ರ ತೆಗೆಯಿರಿ, ಹಳೆಯದನ್ನು ವಾಪಸ್ ಕೇಳಿ, ಕೆಳಗಿನ ಆ ತೂತಿಗೆ ತಂತಿ ಹಾಕಿ ನೋಡಿದ ಮೇಲೆಯೇ ಉಳಿದ ಹಣ ಕೊಡಿ. ಗಾಳಿ ಇದ್ದು ಹಾಯಿ ಗಟ್ಟಿಯಿದ್ದರೆ ಮಂಗಳೂರಿನಲ್ಲಿ ನಿಲ್ಲಲೇಬೇಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ ಗಾಳಿ ದಕ್ಷಿಣಕ್ಕೆ ಹೋಗುವವರ ಬೆನ್ನಿಗಿರುತ್ತದೆ. ಕೊಚ್ಚಿ ಸುಮಾರು 190 ನಾಟಿಕಲ್ ಮೈಲಿ, ಅಲ್ಲಿ ಬೋಲ್ಗಾಟ್ಟಿಯಲ್ಲಿ ನಿಜವಾದ ಮರೀನಾ ಇದೆ. ದಾರಿಯಲ್ಲಿ ಅಪಾಯ ಕಂಡರೆ ದೋಣಿಯ ರೇಡಿಯೋದಲ್ಲಿ ವಿಎಚ್‌ಎಫ್ 16ನೇ ಚಾನೆಲ್, ಫೋನ್ ಸಿಗುವಲ್ಲಿ ಕೋಸ್ಟ್ ಗಾರ್ಡ್‌ನ 1554.