ಫೈಫಾಕ್ಸ್: ನಡಿಗೆ ದಾಖಲಿಸಲು ಸೈ, ಅಮಲು ಅಳೆಯಲು ನೆಚ್ಚಬೇಡಿ

ಅಂಕ: 5ಕ್ಕೆ 4

ಬಾಗಲಕೋಟೆಯ ನವನಗರದಲ್ಲಿ ನಡಿಗೆ ಅಳತೆಗೆ ಬಹಳ ದಿನದಿಂದ ಬಳಸುತ್ತಿರುವ ಆ್ಯಪ್ ಇದು. ಜರ್ಮನಿಯ ಆಖನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಯಾರಾಗಿದ್ದು, ಪುಕ್ಕಟೆ. ಫೋನಿನ ಎಕ್ಸೆಲೆರೊಮೀಟರ್ (ವೇಗದ ಏರಿಳಿತ ಅಳೆಯುವ ಬಿಡಿಭಾಗ) ಹೇಳಿದ್ದನ್ನು ಹಾಗೇ ಬರೆದಿಡುತ್ತದೆ. ಕುಡಿದಿದ್ದಾರೋ ಇಲ್ಲವೋ ಎಂಬ ತೀರ್ಪು ಮಾತ್ರ ಕೊಡುವುದಿಲ್ಲ. ಅದು ಕೊರತೆ ಅಲ್ಲ, ಪ್ರಾಮಾಣಿಕತೆ.

ಫೋನನ್ನು ಕಿಸೆಯಲ್ಲಿ ಇಡಬೇಡಿ. ನೆಹರು ಅಂಗಿಯ ಬಗಲಗಿಸೆಯಲ್ಲಿ ಫೋನು ತಾನೇ ಓಲಾಡುತ್ತದೆ, ಆಮೇಲೆ ಮನುಷ್ಯನ ತೂರಾಟ ಯಾವುದು, ಕಿಸೆಯದು ಯಾವುದು ತಿಳಿಯುವುದಿಲ್ಲ. ಔಷಧ ಅಂಗಡಿಯ ಎಲಾಸ್ಟಿಕ್ ಟೊಂಕದ ಪಟ್ಟಿಯೊಳಗೆ, ಬೆನ್ನಿನ ಕೆಳಭಾಗದ ನಟ್ಟನಡುವೆ, ಸ್ಕ್ರೀನ್ ಹೊರಗೆ ಬರುವಂತೆ ನೆಟ್ಟಗೆ ಬಿಗಿಯಿರಿ. ಆಗ ಎಕ್ಸ್ ಅಕ್ಷ ಎಡಬಲದ ಓಲಾಟ, ವೈ ಅಕ್ಷ ಮೇಲೆಕೆಳಗಿನ ಚಲನೆ, ಜೆಡ್ ಹಿಂದೆಮುಂದಿನದು.

‘ಆಕ್ಸಿಲರೇಷನ್ ವಿಥೌಟ್ ಜಿ’ (ಭೂಮಿಯ ಸೆಳೆತ ಕಳೆದ ಅಳತೆ) ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ‘ಟೈಮ್ಡ್ ರನ್’ ಆರಿಸಿ: 10 ಸೆಕೆಂಡು ಕಾಯುವಿಕೆ, 30 ಸೆಕೆಂಡು ದಾಖಲೆ. ಅಗ್ಗದ ಫೋನಿನಲ್ಲಿ ತಿರುಗುವಿಕೆ ಅಳೆಯುವ ಜೈರೊಸ್ಕೋಪ್ ಇಲ್ಲದಿದ್ದರೆ ಈ ಆಯ್ಕೆ ತೆರೆಯದಿರಬಹುದು. ಆಗ ‘ವಿತ್ ಜಿ’ ತೆಗೆದುಕೊಂಡು ಪ್ರತಿ ಅಕ್ಷದ ಅಂಕಿಗಳಿಂದ ಅದರ ಸರಾಸರಿಯನ್ನು ಕಳೆಯಿರಿ. ಒಂದು ಗೆರೆ ಹಿಡಿದು ಹತ್ತು ಹೆಜ್ಜೆ ಹೋಗಿ, ತಿರುಗಿ, ಹತ್ತು ಹೆಜ್ಜೆ ಬನ್ನಿ. ಶಹಾಬಾದ ಫರಸಿ ಹಾಸಿದ ಪಡಸಾಲೆ ಇದ್ದರೆ ಕಲ್ಲಿನ ಸಂದೇ ಗೆರೆ.

ಫೈಲನ್ನು ಎಕ್ಸೆಲ್‌ಗೆ ತೆಗೆದು ಮೊದಲ ಎರಡು ಹೆಜ್ಜೆ, ಕೊನೆಯ ಎರಡು ಹೆಜ್ಜೆ, ತಿರುವು ಇಷ್ಟನ್ನೂ ಬಿಡಿ. ಉಳಿದದ್ದರಲ್ಲಿ ಎರಡು ಲೆಕ್ಕ ಸಾಕು: ಎಕ್ಸ್ ಅಕ್ಷದ ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಮತ್ತು ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಹಿಡಿದ ಸಮಯದ ಏರುಪೇರು. ಸಾಧಾರಣ ನಡಿಗೆಯಲ್ಲಿ ಒಂದು ಹೆಜ್ಜೆಗೆ ಅರ್ಧ ಸೆಕೆಂಡಿನ ಆಸುಪಾಸು. ಮದ್ಯವು ಮೈಯ ಸಮತೋಲ ಕಾಯುವ ಕಿರುಮೆದುಳಿನ ಹಿಡಿತ ಸಡಿಲಿಸಿದಂತೆ ಈ ಎರಡೂ ಏರುತ್ತವೆ. ಆದರೆ ಅದೇ ಮನುಷ್ಯನ ಕುಡಿಯದ ದಿನದ ದಾಖಲೆ ಪಕ್ಕದಲ್ಲಿ ಇಲ್ಲದೆ ಹೋದರೆ ಈ ಅಂಕಿಗಳಿಗೆ ಅರ್ಥವಿಲ್ಲ. ಮೊಣಕಾಲು ನೋವು, ನಿದ್ದೆಗೇಡು, ಹೊಸ ಕೊಲ್ಹಾಪುರಿ ಚಪ್ಪಲಿಯ ಕಚ್ಚು, ಇವೂ ಅದೇ ಅಂಕಿಗಳನ್ನು ಏರಿಸುತ್ತವೆ. ಆದ್ದರಿಂದ ಎರಡೂ ದಿನ ಬರಿಗಾಲೇ ವಾಸಿ.

ಈ ವಿಧಾನಕ್ಕೆ ಹೆಸರು ತಂದದ್ದು 2020ರಲ್ಲಿ ಪ್ರಕಟವಾದ ಅಮೆರಿಕದ ಸಫೊಲೆಟ್ಟೊ ತಂಡದ ಅಧ್ಯಯನ. 22 ಜನರಿಗೆ ಮದ್ಯ ಕೊಟ್ಟು, ಟೊಂಕಕ್ಕೆ ಫೋನು ಕಟ್ಟಿ, ಗಂಟೆಗೊಮ್ಮೆ ನಡೆಸಿದರು. ಮದ್ಯದ ಪ್ರಮಾಣ 0.08 ಶೇಕಡಾ ಮಿತಿ ದಾಟಿದ್ದನ್ನು ಫೋನಿನ ದಾಖಲೆ ನೂರಕ್ಕೆ ಸುಮಾರು 90 ಸಲ ಸರಿಯಾಗಿ ಗುರುತಿಸಿತು. ಅಲ್ಲಿಯ ಹೆಚ್ಚಿನ ರಾಜ್ಯಗಳಲ್ಲಿ ವಾಹನ ಓಡಿಸುವವರಿಗೆ ಮಿತಿ ಅದು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ, ಅಂದರೆ 0.03 ಶೇಕಡಾ. ಫರಸಿಯ ಮೇಲೆ ಗೆರೆ ತಪ್ಪದೆ ನಡೆಯುವವರೂ ಈ ಮಿತಿ ದಾಟಿರಬಹುದು. ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ, ಆರು ತಿಂಗಳ ತನಕ ಸೆರೆ, ಅಥವಾ ಎರಡೂ. ಪೊಲೀಸರ ಉಸಿರು ಯಂತ್ರದ ಮುಂದೆ ನಿಮ್ಮ ಎಕ್ಸೆಲ್ ಫೈಲು ನಡೆಯುವುದಿಲ್ಲ.

ಐಫೋನಿನ ‘ವಾಕಿಂಗ್ ಸ್ಟೆಡಿನೆಸ್’ ಸಾಲದೇ ಎಂದು ಕೇಳುವವರಿದ್ದಾರೆ. ಅದು ಬೀಳುವ ಅಪಾಯದ ಅಂದಾಜು, ಆ ಕ್ಷಣದ ಅಮಲಿನದಲ್ಲ.

ಒಂದು ಅಂಕ ಕಡಿಮೆ ಮಾಡಿದ್ದು ಅಂಕಿಗಳಲ್ಲಿ ಒಂದೊಂದು ಹೆಜ್ಜೆ ಬಿಡಿಸುವ ಕೆಲಸವನ್ನೆಲ್ಲ ಬಳಸುವವರ ತಲೆಗೇ ಹೊರಿಸಿದ್ದಕ್ಕೆ. ಇನ್ನು ಕುಡಿದವರನ್ನು ಅಳೆಯುವಾಗ ಪಕ್ಕಕ್ಕೊಬ್ಬರು ನಡೆಯಲೇಬೇಕು, ಹೆಚ್ಚಿನವರು ಮುಗ್ಗರಿಸುವುದು ತಿರುವಿನಲ್ಲೇ.