ಝೆರಾಕ್ಸ್ ಮಷಿನ್ ಒಳಗೆ ಜಿರಳೆ: ಸ್ಪ್ರೇ, ಬೋರಿಕ್ ಪುಡಿ, ಜೆಲ್, ಫ್ರೀಜರ್ – ಎಲ್ಲಾ ಮಾಡಿ ನೋಡಿದ ಮೇಲೆ

ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಸುತ್ತ ಕೋಚಿಂಗ್ ಕ್ಲಾಸು, ಹುಡುಗರ ರೂಮು, ಖಾನಾವಳಿ. ನಮಗೂ ಪಕ್ಕದ ಚಹಾದಂಗಡಿಗೂ ನಡುವೆ ಒಂದೇ ಗೋಡೆ. ಮಳೆ ಹಿಡಿಯಿತು ಅಂದರೆ ಜಿರಳೆಗಳಿಗೆ ಬೆಚ್ಚಗಿನ, ಕತ್ತಲೆಯ, ಇಕ್ಕಟ್ಟಾದ ಜಾಗ ಬೇಕು. ಝೆರಾಕ್ಸ್ ಮಷಿನ್ನಿನ ಫ್ಯೂಸರ್ (ಶಾಯಿ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ), ರೂಟರ್, ಇನ್ವರ್ಟರ್, ಮಾನಿಟರ್ ಹಿಂಭಾಗ – ಎಲ್ಲವೂ ಅಂಥ ಜಾಗಗಳೇ. ಅಂಗಡಿ ನಡೆಯೋದೇ ಈ ಮಷಿನ್‌ಗಳ ಮೇಲೆ. ಹಾಗಾಗಿ ಪೇಟೆಯಲ್ಲಿ ಸಿಗುವ, ಜನ ಹೇಳುವ ಎಲ್ಲಾ ಉಪಾಯಗಳನ್ನೂ ಒಂದೊಂದಾಗಿ ಮಾಡಿ ನೋಡಿದ್ದೇನೆ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ಬರೆಯುತ್ತೇನೆ.

ಮೊದಲು ಯಾವ ಜಿರಳೆ ಅಂತ ಗುರುತಿಸಿಕೊಳ್ಳಿ. ಬಚ್ಚಲಿನಿಂದ ಬರುವ ದೊಡ್ಡ ಕೆಂಪು ಜಿರಳೆ ಮಷಿನ್ ಒಳಗೆ ಸಂಸಾರ ಹೂಡುವುದು ಕಡಿಮೆ. ಒಳಗೆ ಇರೋದು ಸಣ್ಣದು, ಒಂದೂವರೆ ಸೆಂಟಿಮೀಟರ್ ಉದ್ದದ್ದು. ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದಕ್ಕೆ ಜರ್ಮನ್ ಜಿರಳೆ ಅಂತಾರೆ. ಹೆಣ್ಣು ಜಿರಳೆ ಮೊಟ್ಟೆಯ ಚೀಲವನ್ನು ಮರಿ ಹೊರಬರುವ ಹೊತ್ತಿನವರೆಗೂ ಹೊತ್ತುಕೊಂಡೇ ತಿರುಗುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಅಂದರೆ ಹಗಲು ಹೊತ್ತಿನಲ್ಲಿ ಕೀಬೋರ್ಡ್ ಮೇಲೆ ಒಂದು ಮರಿ ಕಂಡರೂ ಒಳಗೆ ಇನ್ನೂ ಬಹಳ ಇವೆ ಅಂತಲೇ ತಿಳಿಯಬೇಕು.

ನಮ್ಮ ಒಂದು ಮಾನಿಟರ್ ಆಗಾಗ ತಾನೇ ಆಫ್ ಆಗುತ್ತಿತ್ತು. ಮೆಕ್ಯಾನಿಕ್ ಬಂದು ಹಿಂದಿನ ಮುಚ್ಚಳ ಬಿಚ್ಚಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಪವರ್ ಬೋರ್ಡಿನ ಒಂದು ಮೂಲೆಯಲ್ಲಿ ಮೆಣಸಿನ ಪುಡಿ ಚೆಲ್ಲಿದಂತೆ ಕರಿ ಹಿಕ್ಕೆ. ಅದರ ಕೆಳಗೆ ಬೆಸುಗೆ ಹಸಿರುಗಟ್ಟಿತ್ತು. ಟ್ರಾನ್ಸ್‌ಫಾರ್ಮರಿನ ಸಂದಿಯಲ್ಲಿ ಖಾಲಿಯಾದ ಮೊಟ್ಟೆ ಚೀಲ, ಸುಟ್ಟು ಅಂಟಿಕೊಂಡ ಒಂದು ಮರಿ. ಆ ಕಮಟು ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮತ್ತೆ ಮರೆಯಲ್ಲ. ಮೊದಲೇ ಅದು ಹಿಕ್ಕೆ, ಮೇಲೆ ಮಳೆಗಾಲದ ತೇವ. ಎರಡೂ ಸೇರಿದರೆ ಕರೆಂಟ್ ಹರಿಯಬಾರದ ಕಡೆ ಹರಿಯುತ್ತದೆ. ಬೋರ್ಡ್ ಸಾಯೋದು ಹೀಗೆ.

ಎಲ್ಲರೂ ಮೊದಲು ಕೈ ಹಾಕೋದು ಸ್ಪ್ರೇ ಡಬ್ಬಿಗೆ. ಗೋಡೆ ಮೇಲೆ ಓಡುವ ಜಿರಳೆಗೆ ಹೊಡೆದರೆ ಕಣ್ಣೆದುರೇ ಸಾಯುತ್ತದೆ, ಮನಸ್ಸಿಗೆ ಸಮಾಧಾನ. ಆದರೆ ಮಷಿನ್ ವಿಷಯದಲ್ಲಿ ನನ್ನ ಪಟ್ಟಿಯಲ್ಲಿ ಇದಕ್ಕೆ ಕೊನೆಯ ಸ್ಥಾನ. ಡಬ್ಬಿಯೊಳಗಿನ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಕರೆಂಟ್ ಇರುವ, ಬಿಸಿ ಇರುವ ಮಷಿನ್ ಒಳಗೆ ಅದನ್ನು ಹೊಡೆಯೋದು ಅಪಾಯ. ಹತ್ತಿರದ ಒಂದು ಅಂಗಡಿಯವರು ಗಾಜೆತ್ತಿ ಒಳಗೇ ಹೊಡೆದಿದ್ದರು. ಔಷಧದ ಎಣ್ಣೆ ಜಿಡ್ಡು ಸ್ಕ್ಯಾನರ್ ಕನ್ನಡಿ ಮೇಲೆ ಕೂತು, ಕಾಪಿಗಳೆಲ್ಲ ಮಂಜು ಕವಿದಂತೆ ಬರತೊಡಗಿದವು. ನಾನು ಗೋಡೆ ಬುಡಕ್ಕಷ್ಟೇ ಹೊಡೆದು ನೋಡಿದೆ. ಅಲ್ಲಿದ್ದವು ಸತ್ತವು, ಉಳಿದವು ವಾಸನೆಗೆ ಬೆದರಿ ಇನ್ನೂ ಒಳಗೆ ಸರಿದವು. ಒಳಗೆ ಅಂದರೆ ಮಷಿನ್ ಒಳಗೇ, ಅಲ್ವಾ?

ಜಿರಳೆ ಚಾಕ್ ನೆಲಕ್ಕೆ ಗೀಚಿದೆ. ಗೆರೆ ದಾಟಿದವು ಕೆಲವು ಸತ್ತವು, ಮಷಿನ್ನಿನೊಳಗೇ ಹುಟ್ಟಿ ಬೆಳೆಯುವ ಮರಿಗಳಿಗೆ ಗೆರೆ ದಾಟುವ ಪ್ರಸಂಗವೇ ಬರಲಿಲ್ಲ. ನುಸಿಗುಳಿಗೆಯಿಂದ ಅಂಗಡಿ ತುಂಬ ವಾಸನೆ, ಜಿರಳೆ ಇದ್ದಲ್ಲೇ. ಅದರ ಗಾಳಿ ಎಳೆಮಕ್ಕಳಿಗೆ ಒಳ್ಳೆಯದಲ್ಲ, ಅದಕ್ಕೇ ತೆಗೆದುಬಿಟ್ಟೆ. ಪ್ಲಗ್‌ಗೆ ಸಿಕ್ಕಿಸಿ ಶಬ್ದದಿಂದ ಓಡಿಸುವ ಯಂತ್ರ ಬರುತ್ತದಲ್ಲ, ಅದೂ ಸುಮ್ನೆ ದುಡ್ಡು ದಂಡ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥವನ್ನು ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ, ಪುರಾವೆ ಇಲ್ಲದೆ ಹೀಗೆಲ್ಲ ಹೇಳಬೇಡಿ ಅಂತ ಎಚ್ಚರಿಕೆಯ ಪತ್ರ ಬರೆದಿತ್ತು.

ಬೋರಿಕ್ ಪುಡಿಯ ಉಂಡೆಗೆ ಬರೋಣ. ನಮ್ಮ ಕಡೆ ಇದು ಹಳೆಯ ಉಪಾಯ. ಕೇರಂ ಬೋರ್ಡಿಗೆ ಹಾಕುವ ಪುಡಿ ಬಹಳ ಸಲ ಬೋರಿಕ್ ಆಸಿಡ್ಡೇ ಆಗಿರುತ್ತದೆ. ಡಬ್ಬಿ ಮೇಲೆ ಓದಿ ನೋಡಿ, ಇಲ್ಲವಾದರೆ ಔಷಧಿ ಅಂಗಡಿಯಲ್ಲಿ ಕೇಳಿ. ಗೋಧಿ ಹಿಟ್ಟು, ಸಕ್ಕರೆ, ಬೋರಿಕ್ ಪುಡಿ, ಸ್ವಲ್ಪ ಹಾಲು ಕಲಸಿ ಸಣ್ಣ ಉಂಡೆ ಕಟ್ಟಿ ಮಷಿನ್ ಹಿಂದೆ, ಟೇಬಲ್ ಕೆಳಗೆ ಇಟ್ಟೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ನಿಧಾನ, ಆದರೆ ಅಗ್ಗ. ಹೊಟ್ಟೆಗೆ ಹೋದ ಮೇಲೆ ಸಾಯಲು ಕೆಲವು ದಿನ ಬೇಕು. ತೊಂದರೆ ಏನಂದರೆ ಬೇಸಿಗೆಯಲ್ಲಿ ಉಂಡೆ ಬೇಗ ಕಲ್ಲಾಗುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಎರಡೂ ಆದ ಮೇಲೆ ಜಿರಳೆ ಮುಟ್ಟಲ್ಲ. ಪುಡಿಯನ್ನೇ ಮಷಿನ್ ಒಳಗೆ ಉದುರಿಸಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಫ್ಯಾನ್ ಗಾಳಿಗೆ ಅದು ಎಲ್ಲೆಡೆ ಹಾರುತ್ತದೆ, ತೇವಕ್ಕೆ ಬೋರ್ಡ್ ಮೇಲೆ ಅಂಟಿ ಕೂರುತ್ತದೆ. ಉಂಡೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳೋದಂತೂ ಹೇಳಬೇಕಿಲ್ಲ.

ಜೆಲ್ ಬಳಿಗೆ ನನ್ನನ್ನು ಕಳಿಸಿದ್ದು ಅದೇ ಮೆಕ್ಯಾನಿಕ್. "ಸರ, ಒಳಗ ಏನೂ ಹಾಕಬ್ಯಾಡ್ರಿ. ಹೊರಗ ತಿನ್ನಾಕ ಇಡ್ರಿ. ಜೊಂಡಿಗ್ಯಾ ತಾವ ಬಂದು ತಿಂದು, ಒಳಗ ಹೋಗಿ ಸಾಯ್ತಾವ್ರಿ" ಅಂದ. ಜೆಲ್ ಕೆಲಸ ಮಾಡೋದು ಹೀಗೇ. ಸಿರಿಂಜಿನಲ್ಲಿ ಬರುತ್ತದೆ. ಒಳಗೆ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಇಂಡೊಕ್ಸಾಕಾರ್ಬ್ ಇಂಥದ್ದೊಂದು ಔಷಧ ಸ್ವಲ್ಪವೇ ಇರುತ್ತದೆ, ಉಳಿದದ್ದು ಜಿರಳೆಗೆ ಇಷ್ಟವಾದ ತಿನಿಸು. ತಿಂದ ಜಿರಳೆ ಅಲ್ಲೇ ಬೀಳಲ್ಲ, ಗೂಡಿಗೆ ಹೋಗುತ್ತದೆ. ಮರಿಗಳು ಹೊರಗೆ ಬರುವುದೇ ಕಡಿಮೆ, ದೊಡ್ಡವುಗಳ ಹಿಕ್ಕೆ ತಿಂದು ಬದುಕುತ್ತವೆ. ಹಾಗಾಗಿ ಆ ಹಿಕ್ಕೆಯಿಂದ, ಸತ್ತ ಜಿರಳೆಯಿಂದ ಔಷಧ ಅವುಗಳಿಗೂ ಮುಟ್ಟುತ್ತದೆ. ನಮ್ಮ ಕೈ ಹೋಗದ ಸಂದಿಗೆ ವಿಷವನ್ನು ಜಿರಳೆಯೇ ಹೊತ್ತೊಯ್ಯುತ್ತದೆ. ಬೇರೆ ಯಾವುದಕ್ಕೂ ಈ ಗುಣ ಇಷ್ಟು ಚೆನ್ನಾಗಿ ಇಲ್ಲ.

ಹಾಕುವ ರೀತಿ ಮುಖ್ಯ. ಒಂದೇ ಕಡೆ ದೊಡ್ಡ ಮುದ್ದೆ ಬೇಡ. ಮಸೂರ ಬೇಳೆಯಷ್ಟು ಚುಕ್ಕಿ, ಹಲವು ಕಡೆ. ಮಷಿನ್ ಸ್ಟ್ಯಾಂಡಿನ ಕಾಲು, ಟೇಬಲ್ ಕೆಳಗಿನ ಮೂಲೆ, ವೈರ್ ಗೋಡೆಯೊಳಗೆ ಹೋಗುವ ತೂತು, ಇನ್ವರ್ಟರ್ ಹಿಂದೆ. ಗಾಳಿ ಕಿಂಡಿಗೆ ಹತ್ತಿರ, ಆದರೆ ಕಿಂಡಿ ಒಳಗಲ್ಲ. ಕಾಗದ ಇಡುವ ಟ್ರೇ ಬಳಿ ನಾನು ಹಾಕಲ್ಲ, ಹುಡುಗರ ಅಂಕಪಟ್ಟಿಗೆ ತಾಗಬಾರದು. ಇನ್ನೊಂದು ಮಾತು: ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಲೇಬೇಡಿ, ಆ ವಾಸನೆಗೆ ಜಿರಳೆ ತಿನ್ನಲು ಬರಲ್ಲ. ಮೊದಲ ವಾರದಲ್ಲಿ ಹಗಲೇ ಅಡ್ಡಾಡುವ ಜಿರಳೆ ಜಾಸ್ತಿ ಕಂಡವು. ತೂರಾಡುತ್ತಾ ಬಂದು ನಡು ನೆಲದಲ್ಲಿ ಬೀಳುತ್ತಿದ್ದವು. ಆಮೇಲೆ ಕಡಿಮೆಯಾಗುತ್ತಾ ಬಂತು. ಮೊಟ್ಟೆ ಚೀಲದಿಂದ ಹೊಸ ಮರಿ ಬರುತ್ತವೆ, ಅದಕ್ಕೇ ಒಣಗಿದ ಚುಕ್ಕಿ ಕೆರೆದು ಮತ್ತೆ ಹಾಕಬೇಕು. ಕೆಲವು ಕಡೆ ಜಿರಳೆ ಜೆಲ್ ಮೂಸಿಯೂ ನೋಡಲ್ಲ. ಇಂಥ ತಿನಿಸಿಗೆ ಸಿಹಿಗಾಗಿ ಹಾಕುವ ಗ್ಲೂಕೋಸ್ ಕಂಡರೇ ದೂರ ಸರಿಯುವ, ಅಮೆರಿಕದಲ್ಲಿ 1990ರ ದಶಕದಲ್ಲೇ ಕಂಡುಬಂದ ಜರ್ಮನ್ ಜಿರಳೆಗಳನ್ನು ವಿಜ್ಞಾನಿಗಳು ಗುರುತಿಸಿದ್ದರು. ಅಂಥಲ್ಲಿ ಬೇರೆ ಔಷಧದ, ಬೇರೆ ಕಂಪನಿಯ ಜೆಲ್ ತಂದು ನೋಡಿ.

ಫ್ರೀಜರ್ ಉಪಾಯ ಕೇಳಿದವರು ಮುಖ ಮುಖ ನೋಡುತ್ತಾರೆ. ಸಣ್ಣ ವಸ್ತುಗಳಿಗೆ ಮಾತ್ರ ಇದು ನನಗೆ ತುಂಬ ಹಿಡಿಸಿದೆ. ಬೋರ್ಡಿಗೆ ಔಷಧ ತಾಗುವ ಮಾತೇ ಇಲ್ಲ. ರೂಟರ್, ಕೀಬೋರ್ಡ್, ಸೆಟ್‌ಟಾಪ್ ಬಾಕ್ಸನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಟ್ಟಿ, ಮೇಲೊಂದು ಚೀಲ ಹಾಕಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಮೂರು ದಿನ ಇಡಬೇಕು. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಬೋರ್ಡ್ ಮೇಲೆ ಹನಿ ಕೂರುತ್ತದೆ. ಒಂದು ದಿನ ಚೀಲದಲ್ಲೇ ಬಿಟ್ಟು ಆಮೇಲೆ ತೆಗೆಯಿರಿ. ಬ್ಯಾಟರಿ ಇರುವ ಫೋನು, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಪರದೆ ಇರುವ ವಸ್ತು ಇಡಬೇಡಿ. ಸತ್ತ ಹುಳ ಒಳಗೇ ಇರುತ್ತದೆ, ಅದನ್ನು ಬಿಚ್ಚಿ ತೆಗೆಯಲೇಬೇಕು. ಹುಳ ಇರುವ ರೂಮಿಗೇ ರೂಟರ್ ವಾಪಸ್ ತಂದಿಟ್ಟರೆ ಮತ್ತೆ ಹತ್ತುತ್ತವೆ. ಅದಕ್ಕೇ ಮೊದಲು ಜೆಲ್, ಆಮೇಲೆ ಫ್ರೀಜರ್.

ಬಿಚ್ಚಿ ತೊಳೆಯುವ ಕೆಲಸ ನಾನು ಮೆಕ್ಯಾನಿಕ್ ಕೈಗೇ ಬಿಡುತ್ತೇನೆ. ನಮ್ಮ 230 ವೋಲ್ಟ್ ಕರೆಂಟ್ ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರ್ ತಲುಪುವ ಹೊತ್ತಿಗೆ 325 ವೋಲ್ಟ್‌ವರೆಗೂ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಮೈಕ್ರೋವೇವ್ ಗಡಿಯಾರದ ಗಾಜಿನ ಹಿಂದೆ ಜಿರಳೆ ಕಾಣುತ್ತದೆ ಅಂತ ಬಹಳ ಮನೆಯವರು ಹೇಳುತ್ತಾರೆ. ಅದನ್ನಂತೂ ಮನೆಯಲ್ಲಿ ಬಿಚ್ಚಲೇಬಾರದು, ಅದರ ಕೆಪಾಸಿಟರಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ. ಮೆಕ್ಯಾನಿಕ್ ಮಾಡೋದು ಇಷ್ಟು: ಬ್ಲೋವರ್‌ನಿಂದ ಒಣ ಕಸ ಊದುತ್ತಾನೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಅದ್ದಿ ಹಿಕ್ಕೆ ತಿಕ್ಕಿ ತೆಗೆಯುತ್ತಾನೆ. ನಮ್ಮ ಆ ಮಾನಿಟರ್ ಇದರಿಂದಲೇ ಬದುಕಿತು. ಹಿಕ್ಕೆಯ ವಾಸನೆ ಉಳಿದರೆ ಅದೇ ಬೇರೆ ಜಿರಳೆಗಳನ್ನು ಕರೆಯುತ್ತದೆ, ಹಾಗಾಗಿ ಹುಳ ಸತ್ತರೆ ಸಾಕು ಅಂತ ಬಿಡಬಾರದು.

ಇರುವೆ ಬೇರೆಯೇ ಕಥೆ. ಸ್ವಿಚ್ ಬೋರ್ಡ್, ಕಾಲಿಂಗ್ ಬೆಲ್, ಮೋಟರ್ ಸ್ಟಾರ್ಟರ್ ಒಳಗೆ ಹೋಗುವುದು ಹೆಚ್ಚಾಗಿ ಇರುವೆಯೇ. ಕೆಲವು ಜಾತಿಯ ಇರುವೆ ಶಾಕ್ ಹೊಡೆದು ಸಾಯುವಾಗ ಬಿಡುವ ವಾಸನೆಗೆ ಉಳಿದವು ಓಡಿ ಬರುತ್ತವೆ, ಅವೂ ಸಾಯುತ್ತವೆ. ಕೊನೆಗೆ ಕಾಂಟ್ಯಾಕ್ಟ್ ನಡುವೆ ಹೆಣಗಳೇ ತುಂಬಿ ಸ್ವಿಚ್ ಹತ್ತಲ್ಲ. ಜಿರಳೆ ಜೆಲ್ ಇಟ್ಟು ನೋಡಿದೆ, ನಮ್ಮಲ್ಲಿಯ ಸಣ್ಣ ಇರುವೆ ಮುಟ್ಟಲಿಲ್ಲ. ಕೆಲಸ ಮಾಡಿದ್ದು ಸಕ್ಕರೆ ನೀರು. ಒಂದು ಕಪ್ ಬೆಚ್ಚಗಿನ ನೀರು, ಎಂಟು ಚಮಚ ಸಕ್ಕರೆ, ಅರ್ಧ ಚಮಚ ಬೋರಿಕ್ ಪುಡಿ. ಪುಡಿ ಜಾಸ್ತಿ ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡು ಮುಟ್ಟಲ್ಲ. ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕ ಇಡಿ. ಬೋರ್ಡ್ ಒಳಗಿನದನ್ನು ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕಡೆಯಿಂದ ತೆಗೆಸಿ.

ಮಾನಿಟರ್ ಪರದೆಯ ಪದರದ ನಡುವೆ ಸಾಸಿವೆಗಿಂತ ಸಣ್ಣ ಹುಳ ಹರಿದಾಡಿದರೆ ಬೆರಳಿನಿಂದ ಒತ್ತಬೇಡಿ. ಸತ್ತರೆ ಅಲ್ಲೇ ಶಾಶ್ವತವಾಗಿ ಕೂರುತ್ತದೆ. ಪರದೆ ಆಫ್ ಮಾಡಿ, ಕತ್ತಲಲ್ಲಿ ಅಂಚಿಗೆ ಒಂದು ದೀಪ ಇಡಿ. ಬೆಳಕಿನ ಕಡೆಗೆ ತಾನೇ ಸರಿದು ಬರುವ ಸಾಧ್ಯತೆ ಇದೆ.

ಪೆಸ್ಟ್ ಕಂಟ್ರೋಲ್‌ನವರನ್ನೂ ಕರೆಸಿದ್ದೆ. ಅವರು ಮಷಿನ್ ಸುತ್ತ ಹಾಕಿದ್ದೂ ಜೆಲ್ಲೇ. ಒಂದೇ ಅಂಗಡಿಗೆ ಮಾಡಿಸಿದರೆ ಉಪಯೋಗ ಕಡಿಮೆ, ಗೋಡೆಯಾಚೆಯಿಂದ ಮತ್ತೆ ಬರುತ್ತವೆ. ಈಗ ಚಹಾದಂಗಡಿಯ ಕಾಕಾ ಮತ್ತು ನಾನು ಸೇರಿ ಒಂದೇ ಸಿರಿಂಜ್ ತರುತ್ತೇವೆ. ಗೋಡೆಯ ಎರಡೂ ಕಡೆ ಒಂದೇ ದಿನ ಚುಕ್ಕಿ ಹಾಕುತ್ತೇವೆ, ಪೈಪು, ವೈರ್ ಹಾದುಹೋಗುವ ತೂತಿಗೆ ಬಿಳಿ ಸಿಮೆಂಟ್ ತುಂಬಿದ್ದೇವೆ. ರಾತ್ರಿ ಬಾಗಿಲು ಹಾಕುವ ಮುಂಚೆ ಅವರು ಬಿಸ್ಕಿಟ್ ಪುಡಿ ಗುಡಿಸುತ್ತಾರೆ, ನಾನು ಮಷಿನ್ ಕೆಳಗಿನ ಕಾಗದದ ಚೂರು ತೆಗೆದು ಹೊರಗೆ ಹಾಕುತ್ತೇನೆ.